ಒಣ ದಿನದ ಒದ್ದೆ ಹೆಜ್ಜೆ

ಆಲಂಕಾರಿನ ದಾರಿಯ ಪುಟ್ಟ ಆಸ್ಪತ್ರೆ. ಮುಸ್ಸಂಜೆಗೆ ನರ್ಸ್ ಶೀಲಾವತಿ ತಲೆಗೆ ಏಟು ಬಿದ್ದು ಕುಸಿದಿದ್ದಳು. ಪಕ್ಕದಲ್ಲಿ ಹೊಡೆಯಲು ಬಳಸಿದ ಗ್ಲೂಕೋಸ್ ಸ್ಟ್ಯಾಂಡ್. ಬಾಗಿಲಿನಿಂದ ಕಿಟಕಿ ಬದಿಯ ಹಾಸಿಗೆಯವರೆಗೆ ಒದ್ದೆ ಹೆಜ್ಜೆಗಳು. ತಿಂಗಳಿಂದ ಒಂದು ಹನಿ ಮಳೆಯಿಲ್ಲ!

ಕಳೆದ ತಿಂಗಳು ತಿರುಮಲೇಶ್ವರ ಭಟ್ಟರು ತೀರಿಕೊಂಡದ್ದು ಆ ಹಾಸಿಗೆಯಲ್ಲೇ. ಹೆಣಕ್ಕೆ ಹೊಯ್ದ ನೀರು ಅದು, ಭಟ್ಟರ ಪ್ರೇತವೇ ಬಂದದ್ದು ಎಂದರು ಜನ. ನಾನು ಪೊಲೀಸ್ ಪೇದೆ ತೀರ್ಥರಾಮ, ಪ್ರೇತಕ್ಕೆ ಕೋಳ ತೊಡಿಸಿ ಗೊತ್ತಿಲ್ಲ. ಎಸ್.ಐ. ಗಾನಶ್ರೀ ಮೇಡಂ ಬೆನ್ನಿಗೆ ಅಂಟಿಕೊಂಡೇ ನಿಂತೆ.

"ಕರೆಂಟ್ ಇರ್ಲಿಲ್ಲ ಮೇಡಂ. ಬಿಳಿ ಶಾಲು ಮಾತ್ರ ಕಂಡದ್ದು, ಭಟ್ರದ್ದೇ ಶಾಲು" ಎಂದಳು ಶೀಲಾವತಿ. "ನನಗೆ ಈ ಕೆಲಸ ಬೇಡ."

"ಇವರು ಬಿಟ್ರೆ ಆಸ್ಪತ್ರೆ ಮುಚ್ಚುದೇ" ಎಂದರು ಡಾಕ್ಟರ್ ಗಿರಿಧರ.

ಭಟ್ಟರ ಮಗ ಕಿಶನ್‌ನನ್ನು ಕರೆಸಿದೆವು. ಚಪ್ಪಲಿ ಸಮೇತ ಒಳನುಗ್ಗಿದ. ನೆಲವೆಲ್ಲ ಕೆಂಪು ಮಣ್ಣು.

"ಅಪ್ಪ ಹೋದ ದಿನ 'ನಿಮ್ಮನ್ನು ಬಿಡುದಿಲ್ಲ' ಅಂದವ ನೀನಲ್ವಾ?" ಕೇಳಿದರು ಮೇಡಂ.

"ಅಂದದ್ದು ಹೌದು. ಹೊಡೆದದ್ದು ನಾನಲ್ಲ!"

ಮೇಡಂ ಅವನ ಚಪ್ಪಲಿ ನೋಡಿದರು. ನಂತರ ನನ್ನನ್ನು. "ಇವನ ಮನೆಗೆ ಹೋಗುವ."

ಜಗಲಿಯಲ್ಲಿ ಭಟ್ಟರ ಹೆಂಡತಿ ಗೋದಾವರಿಯಮ್ಮ ಚೆಂಬು ಹಿಡಿದು ನಿಂತಿದ್ದರು. "ಕಾಲು ತೊಳ್ದು ಬನ್ನಿ. ಹಿಮ್ಮಡಿ ನೆನೆಯಲಿ, ಇಲ್ಲದಿದ್ರೆ ಶನಿ ಹಿಡಿತಾನೆ."

ಮೇಡಂ ಚೆಂಬು ಮುಟ್ಟಲಿಲ್ಲ. "ಆಸ್ಪತ್ರೆಯ ನಳ್ಳಿಯಲ್ಲೂ ಹೀಗೇ ತೊಳೆದಿರಾ ಅಮ್ಮ?"

ಗೋದಾವರಿಯಮ್ಮ ಚೆಂಬನ್ನು ಕೆಳಗಿಟ್ಟರು.

"ಆ ಹೆಜ್ಜೆಯಲ್ಲಿ ನೀರುಂಟು, ಮಣ್ಣಿಲ್ಲ. ಹಿಮ್ಮಡಿ ಪೂರ್ತಿ ಮೂಡಿದೆ. ನಿಮ್ಮ ಮಗನಿಗೆ ಚಪ್ಪಲಿ ಬಿಡುವ ತಾಳ್ಮೆಯೇ ಇಲ್ಲ. ಹೊಡೆಯಲಿಕ್ಕೆ ಹೋದರೂ ಕಾಲು ತೊಳೆದೇ ಒಳಗೆ ಹೋಗುವವರು ನೀವು."

ಗೋದಾವರಿಯಮ್ಮ ಹೊದ್ದಿದ್ದ ಗಂಡನ ಬಿಳಿ ಶಾಲನ್ನು ಎದೆಗೆ ಎಳೆದುಕೊಂಡರು. "'ನಾಳೆ ಮನೆಗೆ ಹೋಗುದು' ಅಂದಳು ಆ ನರ್ಸ್. ಗಂಜಿ ಮಾಡಿ ಕಾದೆ. ತಂದದ್ದು ಹೆಣ. ಎಂತ ಆಯ್ತು ಅಂತ ಒಬ್ರಾದ್ರೂ ಹೇಳಿದ್ರಾ?"

ಮೇಡಂ ಕದಲಲಿಲ್ಲ. "ನಿಮ್ಮ ಸಂಕಟ ನಿಜ. ಆದರೆ ನೀವು ಒಡೆದದ್ದು ಬೇರೆಯವಳ ತಲೆ. ಕೇಸು ಆಗ್ತದೆ, ಹೊರಡಿ."

ಆಸ್ಪತ್ರೆಯಲ್ಲಿ ವಿಷಯ ಕೇಳಿ ಶೀಲಾವತಿ ಡಾಕ್ಟರತ್ತ ತಿರುಗಿದಳು. "ಭಟ್ರು ಉಳಿಯುದು ಕಷ್ಟ ಅಂತ ನಿಮಗೆ ಗೊತ್ತಿತ್ತು. 'ಹೆದರಿಸ್ಬೇಡ, ನಾಳೆ ಹೋಗ್ಬಹುದು ಅನ್ನು' ಅಂದದ್ದು ನೀವು. ಇನ್ನು ಕೆಟ್ಟ ಸುದ್ದಿ ನೀವೇ, ಕೂತು ಹೇಳ್ಬೇಕು. ಹಾಗಾದ್ರೆ ನಾನು ಕೆಲಸ ಬಿಡುದಿಲ್ಲ."

ಹೊರಗೆ ಬೆಂಚಿನಲ್ಲಿ ಒಬ್ಬ ರೋಗಿಯ ಹೆಂಡತಿ ಸೆರಗು ಹಿಂಡುತ್ತ ಕಾಯುತ್ತಿದ್ದಳು. ಡಾಕ್ಟರು ಕುರ್ಚಿ ಎಳೆದು ಅವಳೆದುರು ಕುಳಿತರು.