ಅಕ್ಷತೆಗೆ ಸಿಕ್ಕ ಫೋಕಸ್

"ತಾಳಿ ಕಟ್ಟೋ ಫೋಟೋ ಎಲ್ಲಪ್ಪ ಗಂಗರಾಜು?"

ರಾಮಲಕ್ಷ್ಮಮ್ಮ ಕೇಳಿದಾಗ ಗಂಗರಾಜು ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಚಿಂತಾಮಣಿಯ ಛತ್ರದಲ್ಲಿ ಅವರ ದೊಡ್ಡ ಮಗಳು ಚೈತ್ರಳ ಮದುವೆ ಮುಗಿದು ವಾರವಾಗಿತ್ತು. ಶಿಡ್ಲಘಟ್ಟದ ಅವನ ಸ್ಟುಡಿಯೋಗೆ ಚಿಕ್ಕ ಮಗಳು ತನುಜಳನ್ನೂ ಕರೆದುಕೊಂಡು ಬಂದಿದ್ದರು.

"ಇದೆ ಅತ್ತೆ. ಆದ್ರೆ ಮಸುಕಾಗಿದೆ."

ರಾಮಲಕ್ಷ್ಮಮ್ಮನ ತವರು ದಿಬ್ಬೂರಹಳ್ಳಿ. ಅವನದೂ ಅದೇ ಊರು. ಆ ವರಸೆಯಲ್ಲಿ ಅತ್ತೆ.

"ಮಸುಕಾ? ಬೀಗರಿಗೆ ಏನು ಹೇಳ್ಲಿ? ನಮ್ಮೂರ ಹುಡುಗ ಅಂತ ನಾನೇ ಹಟ ಮಾಡಿ ಕರ್ಸಿದ್ದು ಕಣಪ್ಪ."

ತನ್ನ ಅವ್ವನನ್ನು ಕಳಿಸಿ ತನುಜಳನ್ನು ತನಗೆ ಹೆಣ್ಣು ಕೇಳಿಸಬೇಕೆಂದು ಗಂಗರಾಜು ಮನಸ್ಸು ಗಟ್ಟಿಮಾಡಿಕೊಂಡಿದ್ದ. ತನುಜಳಿಗೂ ಹೇಳಿರಲಿಲ್ಲ. ಈಗ ಆ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ತಾಳಿ ಕಟ್ಟುವ ಹೊತ್ತಿಗೆ ನೆಂಟರೆಲ್ಲ ಮಂಟಪ ಮುತ್ತಿದ್ದರು. ಅವನು ದೂರದಲ್ಲಿ ಕ್ಯಾಮೆರಾ ಹಿಡಿದು ಕುರ್ಚಿ ಹತ್ತಿ ನಿಂತಿದ್ದ. ರೀಲು ಬಿಟ್ಟು ಡಿಜಿಟಲ್‌ಗೆ ಬಂದ ಮೇಲೆ ಕೊಂಡ, ದೂರದ್ದನ್ನು ಹತ್ತಿರಕ್ಕೆ ತರುವ ಮೊದಲ ಟೆಲಿಫೋಟೋ ಲೆನ್ಸ್ ಅದಕ್ಕಿತ್ತು. ಗಟ್ಟಿಮೇಳ ಎಂದರು. ಎಲ್ಲರೂ ಒಟ್ಟಿಗೆ ಅಕ್ಷತೆ ಎರಚಿದರು. ಆಟೋಫೋಕಸ್ಸಿಗೆ ಮದುಮಗಳು ಯಾರು, ಅಕ್ಕಿಕಾಳು ಯಾವುದು ಎಂದು ಗೊತ್ತಾಗುವುದಿಲ್ಲ. ಮುಂದೆ ಬಂದದ್ದನ್ನು ಹಿಡಿಯಿತು.

"ಒಂದೊಂದೇ ತೋರ್ಸಿ," ಎಂದು ತನುಜ ಅವನ ಕುರ್ಚಿಯ ಹಿಂದೆ ಬಂದು ನಿಂತಳು. ಅವಳ ಬಳೆ ಕುರ್ಚಿಗೆ ತಗುಲಿತು. ಅವನು ಉಸಿರು ಬಿಗಿಹಿಡಿದು ಮೌಸ್ ಒತ್ತಿದ.

ಮೊದಲ ಫೋಟೋದಲ್ಲಿ ಗಾಳಿಯಲ್ಲಿದ್ದ ಅಕ್ಕಿ ಸ್ಪಷ್ಟ, ಗಂಡುಹೆಣ್ಣು ಮಸುಕು. ಆಮೇಲಿನವೂ ಹಾಗೇ.

"ಇದೇನು, ಅಕ್ಕ ಒಂದ್ರಲ್ಲಿ ದೊಡ್ಡದಾಗಿ ಕಾಣ್ತಾಳೆ, ಒಂದ್ರಲ್ಲಿ ಚಿಕ್ಕದಾಗಿ? ಜೂಮ್ ಮಾಡಿದ್ರಾ?"

"ಇಲ್ಲ. ಈ ಲೆನ್ಸಿನ ಗುಣ. ಫೋಕಸ್ ಹತ್ರಕ್ಕೆ ಬಂದ್ರೆ ಎಲ್ಲ ಸ್ವಲ್ಪ ಕುಗ್ಗುತ್ತೆ, ದೂರ ಹೋದ್ರೆ ಹಿಗ್ಗುತ್ತೆ. ಉಸಿರಾಡ್ದಂಗೆ. ಬ್ರೀದಿಂಗ್ ಅಂತಾರೆ."

"ಲೆನ್ಸ್ ಉಸಿರಾಡ್ತಾ ಇದೆ," ಎಂದಳು ತನುಜ ಮೆಲ್ಲಗೆ. "ನೀವ್ಯಾಕೆ ಹಿಡ್ಕೊಂಡಿದೀರ?"

ಗಂಗರಾಜುವಿನ ಕಿವಿ ಕೆಂಪಾಯಿತು.

"ಮುಂದಕ್ಕೆ ಹಾಕಪ್ಪ," ಎಂದು ರಾಮಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡರು.

ಕೊನೆಯದನ್ನು ತೋರಿಸಲು ಅವನಿಗೆ ಮನಸ್ಸಿರಲಿಲ್ಲ. ಆದರೂ ಹಾಕಿದ. ಫೋಕಸ್ ಮದುಮಕ್ಕಳನ್ನೂ ದಾಟಿ ಹಿಂದಕ್ಕೆ ಹೋಗಿತ್ತು, ಚಿತ್ರ ಹಿಗ್ಗಿತ್ತು. ಚೈತ್ರಳ ಹಿಂದೆ ನಿಂತ ತನುಜಳ ಕಣ್ಣಿನ ರೆಪ್ಪೆ ಕೂಡ ಸ್ಪಷ್ಟವಾಗಿತ್ತು. ಸುತ್ತ ಎಲ್ಲರ ಕೈಗಳೂ ಬಿಚ್ಚಿ ಮೇಲೆದ್ದಿದ್ದವು. ಅವಳದು ಮಾತ್ರ ಎದೆಯ ಹತ್ತಿರ ಮುಷ್ಟಿಯಾಗಿತ್ತು. ಬೆರಳ ಸಂದಿಯಲ್ಲಿ ಅರಿಶಿನದ ಅಕ್ಕಿ.

"ನೀನ್ಯಾಕೇ ಅಕ್ಷತೆ ಹಾಕ್ಲಿಲ್ಲ? ಒಡಹುಟ್ಟಿದ ಅಕ್ಕನ ಮದ್ವೇಲಿ?"

"ಚಪ್ಪರದ ದಿನ ಇವ್ರು ಹೇಳಿದ್ರಮ್ಮ, ಅಕ್ಕಿ ಅಡ್ಡ ಬಂದ್ರೆ ಫೋಟೋ ಕೆಡುತ್ತೆ ಅಂತ. ನನ್ನಿಂದ ಕೆಡೋದು ಬೇಡ ಅಂತ... ಫೋಟೋ ತೆಗೆದಾದ್ಮೇಲೆ ಹಾಕ್ದೆ."

"ಊರೆಲ್ಲ ಎರಚ್ತಾ ಇರೋವಾಗ ನಿನ್ನದೊಂದು ಹಿಡಿ ಅಕ್ಕಿ ತಡೆದ್ರೆ ಏನಾಗುತ್ತೇ ಹುಚ್ಚಿ?"

ತನುಜ ತಲೆ ತಗ್ಗಿಸಿದಳು.

ಲೆನ್ಸಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರಬಹುದಾಗಿತ್ತು. ಗಂಗರಾಜು ಕುರ್ಚಿಯಿಂದ ಎದ್ದ.

"ಅತ್ತೆ, ಮೊದಲಿನವೆಲ್ಲ ಲೆನ್ಸ್ ಮಾಡಿದ್ದು. ಇದು ನಾನು ಮಾಡಿದ್ದು. ಆಟೋಫೋಕಸ್ ತೆಗೆದು ಕೈಯಲ್ಲೇ ತಿರುಗಿಸ್ದೆ. ಚೈತ್ರನ ಮೇಲೆ ನಿಲ್ಲಿಸ್ಬೇಕಾಗಿತ್ತು. ತನುಜನ ಮುಷ್ಟಿ ಕಾಣಿಸ್ತು. ನನ್ ಕೈ ಅಲ್ಲೇ ನಿಂತ್ಬಿಡ್ತು."

ಹೊರಗೆ ರೇಷ್ಮೆಗೂಡಿನ ಚೀಲ ಹೇರಿದ ಆಟೋ ಹಾರ್ನ್ ಹೊಡೆಯುತ್ತಾ ಹೋಯಿತು. ರಾಮಲಕ್ಷ್ಮಮ್ಮ ಫೋಟೋ ನೋಡಿದರು, ಮಗಳನ್ನು ನೋಡಿದರು, ಕೊನೆಗೆ ಅವನನ್ನು ನೋಡಿದರು.

"ಬೀಗರಿಗೆ ವಿಡಿಯೋದಿಂದ ಒಂದು ತೆಗ್ಸಿ ಕೊಡ್ತೀನಿ. ಆದ್ರೆ ತನುಜನ ಮದ್ವೆ ಫೋಟೋ ಮಾತ್ರ ನಿನ್ ಕೈಲಿ ತೆಗ್ಸಲ್ಲ."

ಅವನ ಮುಖ ಇಳಿಯಿತು. "ಆಯ್ತು ಅತ್ತೆ."

"ಏನೋ ಆಯ್ತು? ಹಸೆಮಣೆ ಮೇಲೆ ಕೂತೋನು ಕ್ಯಾಮೆರಾ ಹಿಡ್ಕೊಂಡ್ರೆ ತಾಳಿ ಯಾರಪ್ಪ ಕಟ್ಟೋದು? ನಿಮ್ಮವ್ವನ್ನ ಕಳ್ಸು, ಮಾತಾಡಣ."

ಅವರು ಚಪ್ಪಲಿ ಮೆಟ್ಟಿ ಬೀದಿಗಿಳಿದರು. ಹಿಂದೆ ಹೊರಟ ತನುಜ ಬಾಗಿಲಲ್ಲಿ ತಿರುಗಿ ನೋಡಿದಳು. ಅವನು ನಿಂತಲ್ಲೇ ನಿಂತಿದ್ದ.

"ಈಗಾದ್ರೂ ಉಸಿರು ಬಿಡಿ," ಎಂದು ಹೇಳಿ ಅಮ್ಮನ ಹಿಂದೆ ಓಡಿದಳು.