ಎರಡು ಬ್ರೇಕಿನ ಕಾರು

"ಕ್ಲಚ್ ಬಿಡಬೇಡಿ... ಬಿಡಬೇಡಿ ಅಂದೆ... ಬಿಟ್ರಾ!"

ಕಾರು ಒಮ್ಮೆ ಬಿಕ್ಕಿ ಆಫ್ ಆಯಿತು. ಡ್ರೈವಿಂಗ್ ಸ್ಕೂಲಿನ ಟೀಚರಮ್ಮ ಹಣೆ ಚಚ್ಚಿಕೊಂಡಳು. ಸ್ಟಿಯರಿಂಗ್ ಹಿಡಿದಿದ್ದ ಕನ್ನಡಕದಂಗಡಿಯವನು ಮಾತ್ರ ಏನೂ ಆಗದವನಂತೆ ಅವಳತ್ತ ತಿರುಗಿದ.

"ಮೇಡಂ, ನಗುವಾಗ ನಿಮ್ಮ ಎಡಗಣ್ಣು ಮೊದಲು ಕಿರಿದಾಗುತ್ತೆ. ಬೈಯುವಾಗ ಬಲಗಣ್ಣು."

"ರಸ್ತೆ ನೋಡ್ರೀ! ನನ್ನ ಕಣ್ಣಲ್ಲಿ ಟೆಸ್ಟ್ ಟ್ರ್ಯಾಕ್ ಇಲ್ಲ."

ಬೈದಳು, ನಿಜ. ಆದರೆ ಕನ್ನಡಿ ಸರಿಪಡಿಸುವ ನೆಪದಲ್ಲಿ ತನ್ನ ಎಡಗಣ್ಣನ್ನೊಮ್ಮೆ ನೋಡಿಕೊಂಡಳು. ಹಾಳಾದವನು, ಸರಿಯಾಗೇ ಹೇಳಿದ್ದಾನೆ.

ನಗುವ ಸ್ಥಿತಿಯಲ್ಲಿ ಅವಳಿರಲಿಲ್ಲ. ನಾಳೆ ಅವನಿಗೆ ಮೂರನೇ ಟೆಸ್ಟ್. ಸ್ಕೂಲಿನ ಮಾಲೀಕನಾದ ಅವಳ ಸೋದರಮಾವ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: "ಈ ಸಲವೂ ಅವನು ಡುಮ್ಕಿ ಹೊಡೆದ್ರೆ ತಪ್ಪು ಅವನದ್ದಲ್ಲ ಕಣೇ, ನಿಂದು. ಕಾರಿಂದ ಇಳಿದು ಆಫೀಸಲ್ಲಿ ಕೂತು ಫೋನ್ ಎತ್ತು." ಜಗಳವಾಡಿ, ಹಟ ಹಿಡಿದು ಗಿಟ್ಟಿಸಿದ ಸೀಟು ಅದು. ಕಲಿಸುವವರಿಗೆಂದೇ ಅವಳ ಕಾಲಡಿ ಇಟ್ಟಿದ್ದ ಆ ಎರಡನೇ ಬ್ರೇಕ್ ಅಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಸೋಫಾದ ಮೇಲೆ ಕೂತು ಟಿವಿ ನೋಡುವಾಗಲೂ ಬಲಗಾಲು ನೆಲವನ್ನು ಒತ್ತುತ್ತಲೇ ಇರುತ್ತಿತ್ತು. "ಮನೆ ಎಲ್ಲೂ ಓಡಿಹೋಗಲ್ಲ, ಬಿಡೇ," ಎಂದು ಅಮ್ಮ ನಗುತ್ತಿದ್ದಳು.

ಕಾರು ಮತ್ತೆ ಹೊರಟಿತು. ಮುಚ್ಚಿಹೋದ ಕಲ್ಲು ಕ್ವಾರಿಯ ತಿರುವು ಬಂತು.

"ನಿಧಾನ. ಈಗ ಗೇರ್..."

ರಸ್ತೆಯ ನಡುವೆ ಚಿರತೆ! ಅದರ ಬಾಯಲ್ಲಿ ಕತ್ತಿನ ತೊಗಲಿನಿಂದ ಜೋತುಬಿದ್ದ ಪುಟ್ಟ ಮರಿ.

ಅಯ್ಯೋ ದೇವರೇ! ಒತ್ತೇ, ಬ್ರೇಕ್ ಒತ್ತೇ, ಎಂದು ತಲೆ ಕಿರುಚಿತು. ಕಾಲು ಮಾತ್ರ ಮರದ ಕೊರಡಾಗಿತ್ತು. ಸೋಫಾದ ಮೇಲೂ ಸುಮ್ಮನಿರದ ಕಾಲು ಬೇಕಾದ ಹೊತ್ತಿಗೇ ಕೈಕೊಟ್ಟಿತು.

ಕಾರು ನಿಂತಿತು. ಬಿಕ್ಕಲಿಲ್ಲ, ಜಾರಲಿಲ್ಲ. ಬ್ರೇಕ್, ಕ್ಲಚ್, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎಲ್ಲ ಸದ್ದಿಲ್ಲದೆ ಒಂದರ ಹಿಂದೊಂದು ನಡೆದುಹೋಯಿತು. ಹಿಂದೆ ಬರುವವರಿಗೆ ಎಚ್ಚರಿಕೆಯ ದೀಪವೂ ಹತ್ತಿತು. ಅವಳ ಕಡೆಯ ಗಾಜನ್ನು ಏರಿಸಿ, ಆಮೇಲೆ ಅವನು ಇಂಜಿನ್ ಆರಿಸಿದ.

ಚಿರತೆ ಮರಿಯನ್ನು ರಸ್ತೆಯ ಆಚೆ ಅಂಚಿನ ಹುಲ್ಲಲ್ಲಿ ಇಳಿಸಿತು. ಕಾರನ್ನು ದುರುಗುಟ್ಟಿ ನೋಡಿ, ಬಂದ ಪೊದೆಗೇ ಮರಳಿ ನುಗ್ಗಿತು.

"ಇನ್ನೊಂದು ಮರಿ ಇರ್ಬೇಕು, ತರೋಕೆ ಹೋಗಿದೆ. ಅಲ್ಲಾಡಬೇಡಿ," ಅವನು ಪಿಸುಗುಟ್ಟಿದ.

ಅವಳ ಕಣ್ಣು ಪೊದೆಯ ಮೇಲಿರಲಿಲ್ಲ, ಹ್ಯಾಂಡ್‌ಬ್ರೇಕ್ ಹಿಡಿದ ಅವನ ಕೈ ಮೇಲಿತ್ತು.

"ನಿಮಗೆ ಡ್ರೈವಿಂಗ್ ಬರುತ್ತೆ."

ಅವನು ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆದ.

"ಬರುತ್ತೆ ತಾನೇ? ಬೊಗಳ್ರೀ!"

"ಮೆತ್ತಗೆ ಮೇಡಂ, ಮರಿ ಹೆದರುತ್ತೆ. ನಮ್ಮ ದೊಡ್ಡಪ್ಪನ ಇಟ್ಟಿಗೆ ಗೂಡಿದೆ. ಮೀಸೆ ಮೂಡೋ ಮೊದಲೇ ಅಲ್ಲಿನ ಅಂಗಳದಲ್ಲಿ ಲಾರಿ ಓಡಿಸ್ತಿದ್ದೆ. ಲೈಸೆನ್ಸ್ ಒಂದಿರ್ಲಿಲ್ಲ. ಮೊದಲ ದಿನ ನಿಮ್ಮ ಪಕ್ಕ ಕೂತ ಗಾಬರಿಗೆ ಕಾರು ನಿಜಕ್ಕೂ ಆಫ್ ಆಯ್ತು. ನೀವು ನಕ್ಕಿದ್ರಿ. ಆಮೇಲಿಂದ... ನಾನೇ ಆಫ್ ಮಾಡ್ತಿದ್ದೆ, ಟೆಸ್ಟಲ್ಲೂ."

ಚಿರತೆ ಕಂಡಾಗಲೂ ಅವಳಿಗೆ ಇಷ್ಟು ದಿಗಿಲಾಗಿರಲಿಲ್ಲ.

"ನನ್ನ ಹೊಟ್ಟೆ ಮೇಲೆ ಹೊಡೀತಿದ್ರಲ್ರೀ! ನಾಳೆ ನೀವು ಫೇಲಾದ್ರೆ ಮಾವ ನನ್ನನ್ನ ಕಾರಿಂದಲೇ ಇಳಿಸ್ತಾರೆ."

ಅವನ ಮುಖ ಬಿಳಿಚಿಕೊಂಡಿತು. "ದೇವರಾಣೆ ಗೊತ್ತಿರ್ಲಿಲ್ಲ. ಎಂಥ ಕತ್ತೆ ಕೆಲಸ ಮಾಡ್ಬಿಟ್ಟೆ! ನಾಳೆ ಪಾಸಾಗ್ತೀನಿ. ಆಮೇಲೆ ನಿಮಗೆ ಮುಖ ತೋರಿಸಲ್ಲ."

ಆಮೇಲೆ ಮೆಲ್ಲಗೆ ಕೇಳಿದ: "ಒಂದು ಮಾತು ಕೇಳ್ಲಾ? ಟೆಸ್ಟ್ ಟ್ರ್ಯಾಕ್ ಇರೋದು ಊರಿನ ಆ ತುದೀಲಿ. ಉಳಿದವರನ್ನೆಲ್ಲ ಅಲ್ಲೇ ಸುತ್ತಿಸ್ತೀರಿ. ನನ್ನೊಬ್ಬನನ್ನೇ ಯಾಕೆ ದಿನಾ ಈ ಸುತ್ತುದಾರಿಗೆ ಕರ್ಕೊಂಡು ಬರ್ತೀರಿ?"

ಅವಳ ಕಿವಿ ಬಿಸಿಯಾಯಿತು. ಈ ಪ್ರಶ್ನೆಯನ್ನು ಅವಳು ತನ್ನನ್ನೇ ಕೇಳಿಕೊಂಡಿರಲಿಲ್ಲ. ಉತ್ತರ ಥಟ್ಟನೆ ಹೊಳೆದಾಗ ಅವಳೇ ಬೆಚ್ಚಿಬಿದ್ದಳು. ಅಯ್ಯೋ ನನ್ನ ಕರ್ಮವೇ, ನಾನು ಇವನನ್ನು ಪ್ರೀತಿಸ್ತಿದೀನಿ!

ಅಷ್ಟರಲ್ಲಿ ಪೊದೆ ಅಲುಗಿತು. ಚಿರತೆ ಇನ್ನೊಂದು ಮರಿಯನ್ನು ಕಚ್ಚಿಕೊಂಡು ರಸ್ತೆ ದಾಟಿತು. ಹುಲ್ಲಲ್ಲಿದ್ದ ಮರಿ ಮುಗ್ಗರಿಸುತ್ತ ತಾಯಿಯ ಬಾಲದ ಹಿಂದೆಯೇ ಓಡಿತು. ಮೂರೂ ಕಣ್ಮರೆಯಾದ ಮೇಲಷ್ಟೇ ಅವಳಿಗೆ ತಿಳಿದದ್ದು, ತಾನು ಅವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದೇನೆಂದು. ಬಿಡಲು ಮನಸ್ಸಾಗಲಿಲ್ಲ.

"ನಾಳೆ ಪಾಸಾಗ್ರೀ ಮೊದ್ಲು. ಮುಖ ತೋರಿಸೋ ವಿಚಾರ ನಾನು ಹೇಳ್ತೀನಿ."

ಅವನು ಕೀಲಿ ತಿರುಗಿಸಿ ಹೊರಟ. ಕಾರು ಬಿಕ್ಕಿ ಆಫ್ ಆಯಿತು.

"ನಿಮ್ಮಾಣೆ, ಇದು ಬೇಕಂತ ಮಾಡಿದ್ದಲ್ಲ!"

ಅವನು ಹ್ಯಾಂಡ್‌ಬ್ರೇಕ್ ಇಳಿಸುವುದನ್ನೇ ಮರೆತಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಅವನು ಒಂದೂ ತಪ್ಪಿಲ್ಲದೆ ಪಾಸಾದ. ಮಾವ ಬಾಯಿಬಿಟ್ಟು ನೋಡಿದ. "ಏನು ಮಂತ್ರ ಹಾಕಿದ್ಯೇ ಅವನಿಗೆ?"

"ಚಿರತೆ ತೋರಿಸಿದೆ, ಮಾವ."

ಸಂಜೆ ಅವನು ದೊಡ್ಡಪ್ಪನ ಕಾರು ತಂದು ಸ್ಕೂಲಿನ ಮುಂದೆ ನಿಲ್ಲಿಸಿದ. ಅವಳೇ ಬರಹೇಳಿದ್ದಳು. ಪಕ್ಕದಲ್ಲಿ ಕೂತೊಡನೆ ಅವಳ ಬಲಗಾಲು ಎಂದಿನಂತೆ ಬ್ರೇಕ್ ಹುಡುಕಿತು. ಸಿಕ್ಕಿದ್ದು ಬರೀ ಮ್ಯಾಟ್.

"ಇಲ್ಲಿ ಬ್ರೇಕೇ ಇಲ್ವಲ್ಲ!"

"ಬೇಕಿತ್ತಾ?"

ಅವಳು ಒಂದು ಕ್ಷಣ ಅವನ ಮುಖ ನೋಡಿದಳು.

"ಬೇಡ. ನೀನಿದ್ದೀಯಲ್ಲ," ಎಂದು ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂತಳು.