ಕೆಮ್ಮು ಮರೆತ ಕಂಠ

ಇದು ನಡೆದ ಕತೆ. ಇದರಲ್ಲಿ ಸುಳ್ಳು ಹುಡುಕಲು ಹೋಗಬೇಡಿ. ಊರಿನಲ್ಲಿದ್ದ ಸುಳ್ಳನ್ನೆಲ್ಲ ಆಗ ಚುನಾವಣಾ ಪ್ರಚಾರಕ್ಕೆ ಬಳಸಿ ಮುಗಿಸಿದ್ದರು. ಕತೆಗೆಂದು ಒಂದೂ ಉಳಿದಿರಲಿಲ್ಲ.

ವಕೀಲಿ ಕೆಲಸ ಬಿಟ್ಟ ಮೇಲೆ ಪ್ಲೀಡರಮ್ಮ ಕರೀ ಕೋಟನ್ನು ಮೊಳೆಗೆ ತಗುಲಿಹಾಕಿದ್ದರು, ಮೂಗನ್ನು ತಗುಲಿಹಾಕಿರಲಿಲ್ಲ. ಯಾರೂ ಬಿಡಿಸಲಾರದ ಕಗ್ಗಂಟುಗಳು ಅವರ ಮೇಜಿಗೇ ಬರುತ್ತಿದ್ದವು. ಅವರ ಹಳೆಯ ಗುಮಾಸ್ತ ಆ ದಿನ ಬೆಳಿಗ್ಗೆ ಕುರ್ಚಿಗಳ ಧೂಳು ಹೊಡೆಯುತ್ತಿದ್ದಾಗ ಬಾಗಿಲಲ್ಲಿ ಕಾಲೇಜಿನ ಲೆಕ್ಚರರ್ ನಿಂತಿದ್ದ. ಪ್ರಿನ್ಸಿಪಾಲರಿಂದ ಹಿಡಿದು ಕೆಟ್ಟ ಫ್ಯಾನಿನವರೆಗೆ ಯಾರ ಧ್ವನಿ ಬೇಕಾದರೂ ಮಾಡಿ ನಗಿಸುತ್ತಿದ್ದ ಮನುಷ್ಯ. ಇವತ್ತು ಅವನ ಸ್ವಂತ ಧ್ವನಿಯೇ ಹೊರಡುತ್ತಿರಲಿಲ್ಲ.

"ಅಮ್ಮಾ, ಸಂಜೆಯೊಳಗೆ ನನ್ನನ್ನ ಒಳಗೆ ಹಾಕ್ತಾರೆ."

"ಕೂತ್ಕೊಳಪ್ಪ. ಅವರು ಸಂಜೆ ತಾನೇ ಬರೋದು? ಟೀ ಈಗಲೇ ಬರುತ್ತೆ," ಎಂದರು ಪ್ಲೀಡರಮ್ಮ. "ಏನಾಯ್ತು ಹೇಳು."

ಲೆಕ್ಚರರ್‌ನ ಸೋದರಮಾವ ಸಂಪ್ರದಾಯವಾದಿ ಪಕ್ಷದಿಂದ ಸಂಸತ್ತಿಗೆ ಸ್ಪರ್ಧಿಸಿದ್ದರು. ಊರೆಲ್ಲ ಅವರನ್ನು ಯಜಮಾನರು ಎನ್ನುತ್ತಿತ್ತು. 'ಮನೆ ಮೊದಲು' ಎಂಬುದು ಅವರ ಘೋಷಣೆ. ಗಂಡ ಹೆಂಡತಿ ಸೋಫಾದಲ್ಲಿ ಕೂತು ನಗುವ ಪೋಸ್ಟರು ಬೀದಿ ಬೀದಿಯಲ್ಲಿತ್ತು. ಆದರೆ ಚುನಾವಣೆಗೆ ನಿಂತ ಮೇಲೆ ಯಜಮಾನರು ಕೂತದ್ದೇ ಇಲ್ಲ. ಹೆಂಡತಿ ಮಾತ್ರ ಶ್ವಾಸಕೋಶದ ಕಾಯಿಲೆಯಿಂದ ಮಹಡಿಯ ಕೋಣೆಯಲ್ಲಿ ಮಲಗಿಬಿಟ್ಟಿದ್ದರು. ದಿನವೂ ಪ್ರಚಾರದ ವ್ಯಾನು ಯಜಮಾನರ ಭಾಷಣವನ್ನು ಮೈಕಿನಲ್ಲಿ ಹಾಕಿಕೊಂಡು ಊರು ಸುತ್ತುತ್ತಿತ್ತು. ನಿನ್ನೆ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಅದೇ ಮೈಕು ಬೇರೆ ಏನೋ ನುಡಿಯಿತು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದನ್ನು ಲೆಕ್ಚರರ್ ಕೇಳಿಸಿದ:

"ಮನೆ ಮೊದಲು ಅನ್ನೋ ಈ ಮನುಷ್ಯ ಮನೇಲಿ ಕೂತು ಎಷ್ಟು ದಿನ ಆಯ್ತು, ಕೇಳಿ. ಹೆಂಡತಿ ಮಲಗಿದ್ರೆ ಇವನು ಬೀದಿಯೋರ ಯೋಗಕ್ಷೇಮ ವಿಚಾರಿಸ್ತಾನೆ. ಇಂಥವನಿಗೆ ಓಟು ಹಾಕಬೇಡಿ." ಸ್ವಲ್ಪ ಹೊತ್ತು ಮಾತಿಲ್ಲ, ಸಂತೆಯ ಗದ್ದಲ ಮಾತ್ರ. ಆಮೇಲೆ: "ಸೋಲಿಸಿ. ಮನೆಗೆ ಕಳಿಸಿ."

"ಧ್ವನಿ ನಿಮ್ಮ ಮಾವಂದೇ," ಎಂದ ಗುಮಾಸ್ತ.

"ಹಾಗೇ ಕೇಳುತ್ತೆ. ಆದ್ರೆ ಮಾವ ಕೆಮ್ಮದೆ ಬಾಯೇ ತೆಗೆಯಲ್ಲ. ಇದರಲ್ಲಿ ಕೆಮ್ಮೇ ಇಲ್ಲ. ಅದನ್ನೇ ಹಿಡ್ಕೊಂಡು ಚುನಾವಣಾ ಏಜೆಂಟರು ಒಂದು ಗಂಟೆಯೊಳಗೆ ಪತ್ರಿಕೆಯೋರನ್ನ ಕರೆದು, ಇದು ನಕಲಿ, ಮಿಮಿಕ್ರಿ ಅಂದ್ರು. ಊರಲ್ಲಿ ಮಿಮಿಕ್ರಿ ಮಾಡೋನು ನಾನೊಬ್ಬನೇ! ಪೊಲೀಸರಿಗೆ ದೂರು ಹೋಯ್ತು, ಕಾಲೇಜಿಂದ ನನ್ನನ್ನ ಸಸ್ಪೆಂಡ್ ಮಾಡಿದ್ರು."

"ನೀನು ಆ ಮನೆಗೆ ಹೋಗಿದ್ದೆಯಾ?"

"ಮೊನ್ನೆ ಮಧ್ಯಾಹ್ನ ಅತ್ತೇನ ನೋಡೋಕೆ ಹೋಗಿದ್ದೆ. ಅದೇ ನನ್ನ ಗ್ರಹಚಾರ. ಭಾಷಣದ ಪೆನ್‌ಡ್ರೈವ್ ಅಡುಗೆಮನೆ ಮೊಳೆ ಮೇಲೆ ಎಲ್ಲರ ಕಣ್ಣೆದುರೇ ತೂಗ್ತಿರುತ್ತೆ. ನಾನು ಅತ್ತೆ ಹತ್ರಾನೇ ಕೂತಿದ್ದೆ. ಪಕ್ಕದಲ್ಲಿ ಆ ಆಕ್ಸಿಜನ್ ಸಿಲಿಂಡರ್. ಕೋಣೇಲಿ ಒಂದು ಸದ್ದಿಲ್ಲ. ಉಸಿರಾಡ್ತಿದ್ದಾರೋ ಇಲ್ಲವೋ ಅಂತ ಆಗಾಗ ಬಗ್ಗಿ ನೋಡಬೇಕಾಗಿತ್ತು."

ಪ್ಲೀಡರಮ್ಮ ಕನ್ನಡಕ ಒರೆಸಿಕೊಂಡರು. "ಮಾವನ ಧ್ವನಿ ಮಾಡು, ನೋಡೋಣ."

ಲೆಕ್ಚರರ್ ಎದೆಯುಬ್ಬಿಸಿ, ಗದ್ದ ಒಳಗೆಳೆದು, ಒಂದು ಕೆಮ್ಮು ಕೆಮ್ಮಿ, "ಹ್ಞಾಂ... ಬಂಧುಗಳೇ!" ಎಂದ. ಯಜಮಾನರೇ ಬಂದರೆಂದು ಗುಮಾಸ್ತ ಪೊರಕೆಯ ಸಮೇತ ಎದ್ದು ನಿಂತ.

"ಈಗ ಕೆಮ್ಮು ಬಿಟ್ಟು ಮಾಡು."

ಎರಡು ಮೂರು ಸಲ ಪ್ರಯತ್ನಿಸಿ ಅವನು ಕೈಚೆಲ್ಲಿದ. "ಆಗಲ್ಲಮ್ಮ. ಕೆಮ್ಮು ಹೋದ್ರೆ ಮಾವಾನೂ ಹೋಗ್ತಾರೆ, ನಾನೇ ಉಳ್ಕೊಳ್ತೀನಿ."

"ನಡೀರಿ, ಹೋಗೋಣ," ಎಂದು ಪ್ಲೀಡರಮ್ಮ ಕೊಡೆ ತೆಗೆದುಕೊಂಡರು.

ಯಜಮಾನರ ಮನೆಯ ಅಂಗಳದಲ್ಲಿ ಕಾರ್ಯಕರ್ತರ ಜಾತ್ರೆಯೇ ನೆರೆದಿತ್ತು. ಲೆಕ್ಚರರ್‌ನನ್ನು ಗೇಟಿನ ಹೊರಗೆ ನಿಲ್ಲಿಸಿ ಪ್ಲೀಡರಮ್ಮ, ಗುಮಾಸ್ತ ಇಬ್ಬರೂ ಒಳಗೆ ಬಂದರು. ಏಜೆಂಟ್ ಎರಡು ಕಿವಿಗೆ ಎರಡು ಫೋನು ಹಿಡಿದುಕೊಂಡೇ ಎದುರಾದ. ಮತ ಕೇಳುವ ಭರದಲ್ಲಿ ಯಾರ ಮಾತೂ ಕೇಳಿಸಿಕೊಳ್ಳದ ಜಾತಿ.

"ಪ್ಲೀಡರಮ್ಮ, ಕೇಸು ಮುಗಿದೇ ಹೋಗಿದೆ. ಆ ಕೋಡಂಗಿ ತನ್ನ ಮಾವನಿಗೇ ಗುಂಡಿ ತೋಡೋಕೆ ಹೋಗಿ ನಮಗೆ ಮೆಟ್ಟಿಲು ಕಟ್ಟಿಕೊಟ್ಟ. ಕಾಯಿಲೆ ಬಿದ್ದ ಹೆಣ್ಣುಮಗಳನ್ನ ಗೇಲಿ ಮಾಡಿದ್ರು ಅಂತ ಜನ ಉರಿದು ಬಿದ್ದಿದ್ದಾರೆ. ನಿನ್ನೆ ಸಂಜೆ ಸಭೇಲಿ ಕಾಲಿಡೋಕೆ ಜಾಗ ಇರಲಿಲ್ಲ!"

"ಸಂತೋಷ. ಆ ಪೆನ್‌ಡ್ರೈವ್ ಒಂದ್ಸಲ ಕೇಳಬಹುದಾ?"

"ಕೇಳಿ, ಕೇಳಿ. ಪೊಲೀಸರಿಗೆ ಕೊಡೋಕೆ ಅಂತ ಜೋಪಾನವಾಗಿಟ್ಟಿದ್ದೀನಿ."

ವ್ಯಾನಿನ ಡ್ರೈವರ್ ಅವರನ್ನು ವ್ಯಾನಿನಲ್ಲಿ ಕೂರಿಸಿ, ಗಾಜು ಏರಿಸಿ, ಒಳಗಿನ ಸ್ಪೀಕರಿನಲ್ಲಿ ಮೊದಲು ಹಳೆಯ ಭಾಷಣ ಹಾಕಿದ. ಸಾಲಿಗೊಂದು ಕೆಮ್ಮು, ಉಳಿದಂತೆ ಸ್ವಚ್ಛ. ಆಮೇಲೆ ನಿನ್ನೆಯದು. ಮಾತಿನ ಹಿಂದೆಯೇ ಏನೋ 'ಫುಸ್... ಫುಸ್' ಎನ್ನುತ್ತಿತ್ತು. ಗುಮಾಸ್ತ ಸರಕ್ಕನೆ ಇಳಿದು ನಾಲ್ಕೂ ಟೈರು ಒದ್ದು ನೋಡಿದ.

"ಟೈರೇನೋ ಗಟ್ಟಿಯಾಗಿದೆ," ಎಂದು ಪೆಚ್ಚಾಗಿ ಒಳಗೆ ಬಂದ.

"ನಿನ್ನ ಕಿವೀನೂ ಗಟ್ಟಿಯಾಗಿದೆ. ಸುಮ್ಮನೆ ಕೂತು ಕೇಳು."

ನಡುವೆ ಮಾತು ನಿಂತ ಕಡೆ ಮೊಬೈಲಿನಲ್ಲಿ ಕೇಳಿಸದಿದ್ದ ಒಂದು ಸದ್ದು ಇಲ್ಲಿ ಕೇಳಿಸಿತು. ಗಾಜಿನ ಲೋಟಕ್ಕೆ ಚಮಚ ತಾಗಿದ ಸಣ್ಣ ಟಿಣ್. ಆಮೇಲೆ, "ಸೋಲಿಸಿ. ಮನೆಗೆ ಕಳಿಸಿ."

"ಇದನ್ನ ವ್ಯಾನಿಗೆ ಹಾಕಿದ್ದು ಯಾರಪ್ಪ?"

"ನಾನೇ ಅಮ್ಮಾ," ಎಂದ ಡ್ರೈವರ್. "ದಿನಾ ಬೆಳಿಗ್ಗೆ ಮೊಳೆಯಿಂದ ತಗೋತೀನಿ, ಚುಚ್ತೀನಿ, ಹೊರಡ್ತೀನಿ. ಒಳಗೇನಿದೆ ಅಂತ ನಾನ್ಯಾಕೆ ನೋಡ್ಲಿ? ಮೊನ್ನೆ ದಿನವೆಲ್ಲ ಪಕ್ಷದ ಕೆಲಸ, ಸಂಜೆ ಅಮ್ಮಾವ್ರ ಕೆಲಸ. ಸಿಲಿಂಡರ್ ವಾಪಸ್ ಕೊಟ್ಟು ಅದರ ಬದಲು ಹೊಸಾ ಗಾಳಿ ಮೆಷಿನ್ ತಂದು ಮಹಡಿಗೆ ಹೊತ್ತು ಹಾಕಿ, ಸೊಂಟ ಹಿಡ್ಕೊಂಡು ಮಲಗಿದ್ದೆ."

"ಆಮೇಲೆ ಮನೆಗೆ ಯಾರಾದ್ರೂ ಬಂದ್ರಾ?"

"ಇಲ್ಲ. ಯಜಮಾನರು ಮನೆಗೆ ಬಂದಿದ್ದೇ ತಡ, ಏಜೆಂಟರು ಗೇಟಿಗೆ ಬೀಗ ಜಡಿದು ನಡುಮನೇಲೇ ಮಲಗಿದ್ರು. ಬೆಳಿಗ್ಗೆ ನಾನೇ ತೆಗೆಸಿದ್ದು."

ಮಹಡಿಯ ಮೆಟ್ಟಿಲ ಮೇಲೆ ಗುಮಾಸ್ತ ಮುಂದಿದ್ದ. ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಯಾವನೋ ಗಂಡಸಿನ ಮೆಲುದನಿ ಕೇಳಿಸಿತು. "ಇನ್ನೊಂದು ಗುಟುಕು... ಬೇಡ್ವಾ? ಆಯ್ತು ಬಿಡು, ಬಲವಂತ ಇಲ್ಲ." ಯಾರೋ ಒಳ್ಳೆಯ ನರ್ಸ್ ಸಿಕ್ಕಿದ್ದಾನೆ ಎಂದುಕೊಂಡು ಗುಮಾಸ್ತ ಬಾಗಿಲು ತಟ್ಟಿದ. ತೆರೆದವರು ಯಜಮಾನರು. ಕೈಯಲ್ಲಿ ಲೋಟ, ಲೋಟದಲ್ಲಿ ಚಮಚ. ಹಿಂದೆ ನಿಂತ ಏಜೆಂಟನನ್ನು ಕಂಡೊಡನೆ ಅವರ ಎದೆ ತಾನಾಗಿ ಉಬ್ಬಿತು.

"ಹ್ಞಾಂ! ಬನ್ನಿ ಬಂಧುಗಳೇ!"

ಗುಮಾಸ್ತ ಕತ್ತು ಉದ್ದ ಮಾಡಿ ನರ್ಸಿಗಾಗಿ ಬಾಗಿಲ ಹಿಂದೆಲ್ಲ ಹುಡುಕಿದ. ಯಾರೂ ಇರಲಿಲ್ಲ. ಹಾಸಿಗೆಯ ಮೇಲೆ ಪೋಸ್ಟರಿನ ಹೆಂಗಸು, ಪೋಸ್ಟರಿನ ಅರ್ಧದಷ್ಟಾಗಿ ಮಲಗಿದ್ದರು. ಮೂಗಿಗೆ ನಳಿಕೆ. ಪಕ್ಕದಲ್ಲಿ ಬಿಳಿಯ ಪೆಟ್ಟಿಗೆಯೊಂದು ಉಸಿರು ಬಿಡುತ್ತಿತ್ತು. ಫುಸ್... ಫುಸ್. ಗುಮಾಸ್ತನಿಗೆ ಈ ಸಲ ಟೈರು ನೆನಪಾಗಲಿಲ್ಲ.

"ಆ ಹುಡುಗನನ್ನೂ ಡ್ರೈವರನ್ನೂ ಇಲ್ಲಿಗೇ ಕರೆಸಿ," ಎಂದರು ಪ್ಲೀಡರಮ್ಮ.

"ಇಲ್ಲಿಗಾ? ರೋಗಿ ಕೋಣೆ," ಎಂದ ಏಜೆಂಟ್.

"ಮನೆ ಮೊದಲು ಅಲ್ವೇನಪ್ಪ? ಮನೆಯಾಕೆ ಎದುರಿಗೇ ಆಗಲಿ."

ಎಲ್ಲರೂ ಹಾಸಿಗೆಯ ಸುತ್ತ ನಿಂತರು. ಪ್ಲೀಡರಮ್ಮ ಮಾತ್ರ ಕುರ್ಚಿ ಎಳೆದುಕೊಂಡು ಯಜಮಾನರ ಹೆಂಡತಿಯ ಪಕ್ಕ ಕೂತರು.

"ನಿನ್ನೆ ಮೈಕು ಆಡಿದ ಮಾತಿನ ಹಿಂದೆ ಒಂದು ಫುಸ್ ಇದೆ. ಅದು ಈ ಪೆಟ್ಟಿಗೆಯ ಉಸಿರು. ಅಂದ್ರೆ ಮಾತು ಹುಟ್ಟಿದ್ದು ಇದೇ ಕೋಣೇಲಿ."

"ಅದನ್ನೇ ನಾನೂ ಹೇಳ್ತಿರೋದು! ಇವನು ಮೊನ್ನೆ ಇಲ್ಲೇ ಕೂತಿದ್ದ!" ಎಂದ ಏಜೆಂಟ್.

"ಕೂತಿದ್ದು ಮಧ್ಯಾಹ್ನ. ಆಗ ಇಲ್ಲಿ ಸಿಲಿಂಡರ್ ಇತ್ತು. ಕೋಣೇಲಿ ಒಂದು ಸದ್ದಿರಲಿಲ್ಲ ಅಂತ ಇವನೇ ಬೆಳಿಗ್ಗೆ ಹೇಳಿದ. ಈ ಪೆಟ್ಟಿಗೆ ಮಹಡಿ ಹತ್ತಿದ್ದು ಸಂಜೆ. ಆಮೇಲೆ ಗೇಟಿಗೆ ಬೀಗ. ಒಳಗಿದ್ದೋರು ಮಲಗಿದ್ದ ಈ ತಾಯಿ, ಸೊಂಟ ಹಿಡ್ಕೊಂಡಿದ್ದ ಡ್ರೈವರು, ನೀವು, ಯಜಮಾನರು."

ಏಜೆಂಟ್ ಒಂದು ಫೋನನ್ನು ಕಿವಿಯಿಂದ ಇಳಿಸಿದ.

"ಇನ್ನು ಕೆಮ್ಮು. ಕೆಮ್ಮಿಲ್ಲ, ಅದಕ್ಕೇ ನಕಲಿ ಅಂದ್ರಿ. ಊರೂ ತಲೆದೂಗಿತು. ಆದ್ರೆ ಮಿಮಿಕ್ರಿ ಮಾಡೋನು ಮೊದಲು ಕದಿಯೋದೇ ಕೆಮ್ಮನ್ನ. ಜನ ಗುರುತು ಹಿಡಿಯೋದೇ ಅದರಿಂದ. ಅವನು ಎಲ್ಲವನ್ನೂ ಮರೆತಾನು, ಅದನ್ನ ಮರೆಯಲ್ಲ. ಯಜಮಾನರ ಕೆಮ್ಮನ್ನ ಮರೆಯೋಕೆ ಸಾಧ್ಯ ಇರೋನು ಲೋಕದಲ್ಲಿ ಒಬ್ಬನೇ. ಆ ಕೆಮ್ಮು ಅವರ ಗಂಟಲಿನದಲ್ಲ, ವೇದಿಕೆಯದು. ಹೆಂಡತಿ ಹತ್ರ ಅವರು ಕೆಮ್ಮಲ್ಲ. ಈಗ ಬಾಗಿಲಾಚೆ ನಿಂತು ನಮ್ಮ ಗುಮಾಸ್ತ ಕೇಳಿದ. ಬೇರೆ ಯಾರೋ ಅಂದುಕೊಂಡ." ಅವರು ಯಜಮಾನರ ಕೈಯ ಲೋಟವನ್ನು ನೋಡಿದರು. "ಮಾತಿನ ಮಧ್ಯೆ ನಿಲ್ಲಿಸಿ ನೀರು ಕುಡಿಸಿದ್ರಿ. ಚಮಚ ತಾಗಿತು."

ಹಾಸಿಗೆಯಿಂದ ಸಣ್ಣ ದನಿ ಬಂತು.

"ನಿನ್ನೆಯಿಂದ ಎಷ್ಟು ಜನ ಬಂದ್ರು, ಹೋದ್ರು. ನನ್ನನ್ನ ಒಬ್ರೂ ಕೇಳಲಿಲ್ಲ."

ಯಜಮಾನರು ಲೋಟವನ್ನು ಕೆಳಗಿಟ್ಟರು. ಕೆಮ್ಮಲಿಲ್ಲ. "ನಾನೇ. ನಾಮಪತ್ರ ವಾಪಸ್ ತಗೊಳ್ಳೋ ದಿನ ಮುಗಿದೋಯ್ತು ಅಂದ್ರು. ಮನೇಲಿರ್ತೀನಿ ಅಂದೆ. ದಿನಾ ಬೆಳಿಗ್ಗೆ ಕಾರು ಬಾಗಿಲಿಗೆ ಬಂದು ನಿಲ್ಲುತ್ತೆ, ಹತ್ತಿಬಿಡ್ತೀನಿ. ಶಿಸ್ತು ಶಿಸ್ತು ಅಂತ ಜನ್ಮವೆಲ್ಲ ಹೇಳಿ, ಬೇಡ ಅನ್ನೋದೇ ಮರೆತುಹೋಗಿದೆ. ಜನಾನೇ ಬೈದು ಮನೆಗೆ ಕಳಿಸಲಿ ಅಂದ್ಕೊಂಡೆ. ಮೊನ್ನೆ ರಾತ್ರಿ ಇಲ್ಲೇ ಕೂತು ಹೇಳಿ, ಪೆನ್‌ಡ್ರೈವಿಗೆ ತುಂಬಿ ಮೊಳೆಗೆ ಹಾಕಿಬಿಟ್ಟೆ."

"ಮಾವಾ, ನನ್ನ ಹೆಸರು ಹೇಳಿದಾಗ ಸುಮ್ಮನಿದ್ರಲ್ಲ," ಎಂದ ಲೆಕ್ಚರರ್.

"ಸುಮ್ಮನಿದ್ದೆ ಕಣೋ. ಬಾಯಿ ಬರಲಿಲ್ಲ."

ಏಜೆಂಟ್ ಆಗಲೇ ಚೇತರಿಸಿಕೊಂಡಿದ್ದ. "ಆಗಿದ್ದಾಯ್ತು. ಮತದಾನ ಮುಗಿಯೋವರೆಗೆ ತಾನೇ? ಆಮೇಲೆ ಅಮ್ಮನ ಪಕ್ಕದಲ್ಲೇ ಇರಿ."

"ಅಲ್ಲೀವರೆಗೆ ನಾನಿರಲ್ಲ," ಎಂದರು ಹೆಂಡತಿ, ದೂರುವಂತೆಯಲ್ಲ, ಹಾಲು ಒಡೆದಿದೆ ಎಂದು ತಿಳಿಸುವಂತೆ.

"ನಾನು ಈಗಲೇ ಪೊಲೀಸರಿಗೆ ಹೇಳ್ತೀನಿ," ಎಂದು ಪ್ಲೀಡರಮ್ಮ ಎದ್ದರು.

"ಹೇಳಿ. ಕೆಮ್ಮೇ ಇಲ್ಲದ್ದನ್ನ ಯಜಮಾನರದು ಅಂದ್ರೆ ಊರು ನಗುತ್ತೆ. ನಿಮಗೂ ವಯಸ್ಸಾಯ್ತು ಅಂತಾರೆ." ಏಜೆಂಟ್ ಲೆಕ್ಚರರ್‌ನ ಭುಜದ ಮೇಲೆ ಕೈ ಹಾಕಿದ. "ನೋಡಿ ಸಾರ್, ದೂರು ಇವತ್ತೇ ವಾಪಸ್. ಕಾಲೇಜಿಗೂ ಒಂದು ಫೋನು ಸಾಕು. ಇವರ ಗಂಟಲನ್ನ ಇನ್ನು ನಂಬೋ ಹಾಗಿಲ್ಲ. ನಾಳೆಯಿಂದ ಭಾಷಣ ನೀವು ರೆಕಾರ್ಡ್ ಮಾಡಿಕೊಡಿ. ಇವರು ಕಾರಲ್ಲಿ ನಿಂತು ಕೈ ಬೀಸಲಿ, ಅಷ್ಟೇ. ಬೇಡ ಅಂದ್ರೆ ದೂರು ಹಾಗೇ ಇರುತ್ತೆ. ಸಂಜೆ ಠಾಣೆ."

ಲೆಕ್ಚರರ್ ತನ್ನ ಚಪ್ಪಲಿಯನ್ನು ನೋಡಿಕೊಂಡ. ಆಮೇಲೆ ಅತ್ತೆಯನ್ನು. ಆಮೇಲೆ ಯಾರನ್ನೂ ನೋಡದೆ, ಎದೆಯುಬ್ಬಿಸದೆಯೇ, "ಹ್ಞಾಂ..." ಎಂದು ಕೆಮ್ಮಿದ. ಅಚ್ಚು ಯಜಮಾನರು. ಗುಮಾಸ್ತ ಈ ಸಲ ಸೆಟೆದು ನಿಲ್ಲಲಿಲ್ಲ, ಮುಖ ತಿರುಗಿಸಿಕೊಂಡ.

ಆ ಸದ್ದು ಕೇಳಿ ಯಜಮಾನರು ಚೇಳು ಕಡಿದವರಂತೆ ನುಗ್ಗಿ ಕಿಟಕಿಯ ಬಾಗಿಲನ್ನು ದಡಾರನೆ ತೆರೆದರು. ಏಜೆಂಟ್ ತಡೆಯುವ ಮೊದಲೇ ಕೆಳಗಿದ್ದ ಕಾರ್ಯಕರ್ತರಿಗೆ ಕೂಗಿ ಹೇಳಿದರು, ಹೆಂಡತಿಯ ಹತ್ತಿರ ಆಡುವ ಅದೇ ದನಿಯಲ್ಲಿ:

"ಆ ಹುಡುಗ ಅಲ್ಲ, ನಿನ್ನೆ ಮಾತಾಡಿದ್ದು ನಾನೇ! ನನಗೆ ಓಟು ಹಾಕಬೇಡಿ! ಮನೆಗೆ ಕಳಿಸಿ!"

ಅಂಗಳದಲ್ಲಿದ್ದವರೆಲ್ಲ ತಲೆಯೆತ್ತಿ ನೋಡಿದರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು.

"ಆಹಾ! ಆ ನಕಲಿಯವನ ನಕಲು! ಕೆಮ್ಮು ಬಿಟ್ಟು ಹೇಗೆ ಮಾಡಿದ್ರು ನೋಡ್ರೋ!"

"ಇನ್ನೊಂದ್ಸಲ ಯಜಮಾನರೇ, ಇನ್ನೊಂದ್ಸಲ!"

ನಗು ಅಂಗಳ ತುಂಬಿ ಮಹಡಿಗೆ ಏರಿತು. ಕೈಗಳು ಮೇಲೆದ್ದವು, ಜೈಕಾರ ಮೊಳಗಿತು. ಕಾರು ಬಾಗಿಲಿಗೆ ಬಂದು ಹಾರನ್ ಹಾಕಿತು. ಗುಮಾಸ್ತ ಪ್ಲೀಡರಮ್ಮನನ್ನು ನೋಡಿದ. ಎದ್ದಿದ್ದವರು ಮತ್ತೆ ಕುರ್ಚಿಗೆ ಮರಳಿದ್ದರು. ಹಾಸಿಗೆಯ ಮೇಲಿನ ಒಣಗಿದ ಕೈಯನ್ನು ಹಿಡಿದು ಕೂತಿದ್ದರು. ಕಿಟಕಿಯಲ್ಲಿ ಯಜಮಾನರ ಬೆನ್ನು ಮೊದಲು ಸಣ್ಣಗೆ ಅಲುಗಿತು. ಅಳುತ್ತಿದ್ದಾರೆ ಎಂದು ಗುಮಾಸ್ತ ಹತ್ತಿರ ಹೋದ. ಅಳುತ್ತಿರಲಿಲ್ಲ. ಕಿಟಕಿಯ ಕಂಬಿ ಹಿಡಿದು, ಕಣ್ಣು ಬಾಯಿ ಎಲ್ಲ ಒದ್ದೆಯಾಗಿ, ಅಂಗಳದ ಅಷ್ಟೂ ಜನರಿಗಿಂತ ಜೋರಾಗಿ ಅವರು ನಗುತ್ತಿದ್ದರು.